ಬಿರುಕಿಗೆ ಹಚ್ಚಿದ ಸಿಮೆಂಟು

ಕಳೆದ ವಾರ ಕೊರ್ತಾಲಿಮ್ ಆಚೆಯ ಒಂದು ಗುಡ್ಡದ ಬುಡದಲ್ಲಿ ಕಾಂಪೌಂಡು ಗೋಡೆ ಕಟ್ಟುವ ಕೆಲಸ ಸಿಕ್ಕಿತ್ತು. ಗೋವೆಯ ಮೇ ತಿಂಗಳ ಸೆಕೆ ಅನುಭವಿಸದವರಿಗೆ ಹೇಳಿದರೆ ತಿಳಿಯುವುದಿಲ್ಲ. ನಮ್ಮ ವಿಜಾಪುರದ ಕಡೆ ಬಿಸಿಲು ಸುಡುತ್ತದೆ, ಇಲ್ಲಿ ಕುದಿಸುತ್ತದೆ. ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಎಲ್ಲಾದರೂ ಗಾಳಿ ಸಿಕ್ಕೀತೇ ಎಂದು ಗುಡ್ಡ ಹತ್ತಿದೆ. ಮೇಲೊಂದು ಗೇರು ಮರ. ಅದರ ನೆರಳಿನಲ್ಲಿ ಟವೆಲು ಹಾಸಬೇಕು ಎನ್ನುವಷ್ಟರಲ್ಲಿ ಕೆಂಪು ಮಣ್ಣಿನ ನಡುವೆ ಒಂದು ಬೂದು ಗೆರೆ ಕಣ್ಣಿಗೆ ಬಿತ್ತು. ಒಣಹುಲ್ಲಿನ ಸಂದಿಯಲ್ಲಿ ಸೊಟ್ಟಸೊಟ್ಟಗೆ ಹೋಗಿ ಆಚೆಯ ಮುಳ್ಳುಕಂಟಿಯಲ್ಲಿ ಮರೆಯಾಗಿತ್ತು. ಬಗ್ಗಿ ಮುಟ್ಟಿದೆ. ಸಿಮೆಂಟು. ಯಾರೋ ನೆಲದ ಬಿರುಕಿಗೆ ಸಿಮೆಂಟು ತುಂಬಿ, ಮೇಲೆ ಕರಣೆ ಎಳೆದು, ಅಂಚು ಒತ್ತಿ, ನೀರಿನ ಕೈ ಆಡಿಸಿ ನುಣ್ಣಗೆ ಮಾಡಿದ್ದರು. ಕೂಲಿಗೆ ಮಾಡುವ ಕೆಲಸ ಇಷ್ಟು ಚೆನ್ನಾಗಿರುವುದಿಲ್ಲ. ತನ್ನ ಮನೆಗೆಂದು ಮಾಡಿಕೊಂಡದ್ದೇ ಇರಬೇಕು.

ಕೆಳಗೆ ನೋಡಿದೆ. ಇಳಿಜಾರಿಗೆ ಅಂಟಿಕೊಂಡು ನಮ್ಮ ಕಡೆಯವರ ತಗಡಿನ ಮನೆಗಳು. ಒಂದರ ಮುಂದೆ ಕೌದಿ ಒಣಹಾಕಿದ್ದರು. ಕೆಂಪು ಚೌಕ, ಹಳದಿ ಚೌಕ, ನಡುವೆ ಯಾರದೋ ಹಳೆಯ ಇಲಕಲ್ ಸೀರೆಯ ಸೆರಗು. ನಾನು ಟವೆಲು ಹಾಸಲಿಲ್ಲ. ಇಳಿದು ಬಂದು ಕೆಲಸಕ್ಕೆ ನಿಂತೆ. ಅಂದು ನಾನಿಟ್ಟ ಕಲ್ಲಿನ ಸಾಲು ಸೊಟ್ಟಾಯಿತು. "ಏನ್ರೀ ಕಾಕಾ, ಕಣ್ಣಿಗೆ ಪೊರಿ ಬಂದೈತೇನು?" ಎಂದು ಮೇಸ್ತ್ರಿ ಹಂಗಿಸಿದ. ಪೊರೆ ಬಂದಿದ್ದರೆ ಚೆನ್ನಾಗಿತ್ತು, ಆ ಗೆರೆ ಕಾಣುತ್ತಿರಲಿಲ್ಲ.

ಅಂಥದೊಂದು ಗೆರೆಯನ್ನು ನಾನೂ ಒಮ್ಮೆ ಎಳೆದಿದ್ದೇನೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು. ಶಾಲೆಯೇ ನನ್ನನ್ನು ಬಿಟ್ಟಿತು ಎಂದರೂ ಸುಳ್ಳಲ್ಲ. ಆದ್ದರಿಂದ ಸುತ್ತಿ ಬಳಸಿ ಹೇಳಿದರೆ ಬೇಸರಿಸಬೇಡಿ. ನೇರವಾಗಿ ಹೇಳಲು ಬಂದಿದ್ದರೆ ಅಂದೇ ಹೇಳುತ್ತಿದ್ದೆ.

ನಮ್ಮದು ಎರೆ ಮಣ್ಣಿನ ಸೀಮೆ. ಯುಗಾದಿ ಮುಗಿದ ಮೇಲೆ ನಮ್ಮ ಹೊಲಗಳನ್ನು ನೋಡಬೇಕು. ಕರುವಿನ ಕಾಲು ಸಿಕ್ಕಿಬೀಳುವಷ್ಟು ಅಗಲಕ್ಕೆ ನೆಲ ಬಾಯಿ ಬಿಟ್ಟಿರುತ್ತದೆ. ಚಿಕ್ಕವರಿದ್ದಾಗ ನಾನೂ ನನ್ನ ತಂಗಿ ಗಂಗವ್ವನೂ ಆ ಬಿರುಕುಗಳಲ್ಲಿ ಹರಳು ಬಿಟ್ಟು ಕಿವಿಗೊಡುತ್ತಿದ್ದೆವು. ಕೆಳಗೆ ಬಿದ್ದು 'ಟಕ್' ಅನ್ನುತ್ತಿತ್ತು. ಯಾರ ಹರಳು ತಡವಾಗಿ ಸದ್ದು ಮಾಡುತ್ತದೋ ಅವರು ಗೆದ್ದಂತೆ. ಗಂಗವ್ವ ಯಾವಾಗಲೂ ಗೆಲ್ಲುತ್ತಿದ್ದಳು, ಏಕೆಂದರೆ ನನ್ನ ಹರಳು ಬೀಳುವ ಮೊದಲೇ ತಾನೇ ಬಾಯಿಂದ 'ಟಕ್' ಅನ್ನುತ್ತಿದ್ದಳು. ಭೂಮಿತಾಯಿಗೆ ನೀರಡಿಕೆಯಾಗಿದೆ, ಅದಕ್ಕೆ ಬಾಯಿ ತೆರೆದಿದ್ದಾಳೆ ಎಂದು ಅವ್ವ ಹೇಳುತ್ತಿದ್ದಳು. ಒಂದೆರಡು ಮಳೆ ಬಿದ್ದರೆ ಎಲ್ಲ ಬಿರುಕೂ ಗುರುತೇ ಇಲ್ಲದಂತೆ ಕೂಡಿಕೊಳ್ಳುತ್ತಿತ್ತು. ನೆಲ ಬಿರಿಯುವುದು ಬೇಸಿಗೆಯ ಲಕ್ಷಣ, ಮಳೆ ಬಂದರೆ ವಾಸಿಯಾಗುತ್ತದೆ. ನೆಲದ ಬಗ್ಗೆ ನಾನು ಕಲಿತ ಪಾಠ ಇಷ್ಟೇ. ಇದನ್ನು ತಲೆಯಲ್ಲಿಟ್ಟುಕೊಂಡು ನಾನು ಗೋವೆಗೆ ಬಂದೆ, ಗುಡ್ಡದ ಬುಡದಲ್ಲಿ ಮನೆ ಕಟ್ಟಿದೆ.

ಮನೆ ಅಂದರೆ ಒಂದು ಖೋಲಿ. ಹೆಂಡತಿ, ನಾನು, ಮೇಲೆ ತಗಡು. ಪಕ್ಕದ ಖೋಲಿಯಲ್ಲಿ ಟೆಂಪೋ ಓಡಿಸುವ ಮೆಹಬೂಬಸಾಬ, ಅವನ ಹೆಂಡತಿ ಹುಸೇನಬಿ. ಅವರೂ ವಿಜಾಪುರದ ಕಡೆಯವರೇ. ನಮ್ಮ ಎರಡೂ ಮನೆಯ ಬೆನ್ನಿಗೆ ಗುಡ್ಡ. ಗಂಗವ್ವನ ಗಂಡ ಇನ್ನೊಬ್ಬಳನ್ನು ಮನೆಗೆ ತಂದಾಗ ಇವಳು ಒಂದು ಗಂಟು ಕಟ್ಟಿಕೊಂಡು ನಮ್ಮಲ್ಲಿಗೆ ಬಂದಳು. ಅತ್ತದ್ದು ಕಾಣಲಿಲ್ಲ. ಬಂದ ದಿನವೇ ನಮ್ಮ ಒಲೆ ಒಡೆದು ಹೊಸದಾಗಿ ಹಾಕಿದಳು. "ವೈನಿ, ಈ ಒಲಿ ಹೊಗಿ ಉಗಳತೈತಿ, ಊಟ ಅಲ್ಲ" ಎಂದು ನನ್ನ ಹೆಂಡತಿಗೆ ಹೇಳಿದಳು. ಮಣ್ಣು ಅವಳ ಮಾತು ಕೇಳುತ್ತಿತ್ತು. ನಾನು ಸಿಮೆಂಟಿನಲ್ಲಿ ಮಾಡುವುದನ್ನು ಅವಳು ಬರಿಗೈಯಲ್ಲಿ ಮಣ್ಣಿನಲ್ಲಿ ಮಾಡುತ್ತಿದ್ದಳು.

ಒಂದು ಖೋಲಿಯಲ್ಲಿ ಗಂಡ ಹೆಂಡತಿ ಮತ್ತು ಬೆಳೆದ ತಂಗಿ ಮಲಗುವುದು ಹೇಗೆ? ಅವಳಿಗೊಂದು ಖೋಲಿ ಬೇಕಿತ್ತು. ಮುಂದೆ ದಾರಿ, ಬದಿಗೆ ಮೆಹಬೂಬಸಾಬ. ಉಳಿದದ್ದು ಗುಡ್ಡ ಒಂದೇ. ಆ ಬೇಸಿಗೆ ಕೆಲಸದಿಂದ ಬಂದ ಮೇಲೆ ದಿನವೂ ಗುದ್ದಲಿ ಹಿಡಿದು ಗುಡ್ಡದ ಬುಡ ಕಡಿದೆ. ನಮ್ಮ ಮನೆಗಳ ಸಾಲಿನಲ್ಲಿ ಎಲ್ಲರೂ ಇಷ್ಟಿಷ್ಟು ಕಡಿದವರೇ. ಆದರೆ ನಾನು ಗೌಂಡಿ ಅಲ್ಲವೇ, ಗೋಡೆ ಹಾಕಿದಂತೆ ನೆಟ್ಟಗೆ, ತೂಕದ ಗುಂಡು ಬಿಟ್ಟು ನೋಡಿ ಕಡಿದೆ. ಹುಸೇನಬಿ ಬಂದು ನೋಡಿ, "ಅಣ್ಣಾ, ನಮ್ಮ ಹಿತ್ತಲಾನೂ ಜರಾ ಕಡದು ಕೊಡ್ರಿ, ಭಾಂಡೆ ತೊಳಿಯಾಕ ಜಾಗಾ ಆಕ್ಕೈತಿ" ಅಂದಳು. ಅದನ್ನೂ ಕಡಿದುಕೊಟ್ಟೆ. ಚಹಾ ಕೊಟ್ಟಳು. ಶುಂಠಿ ಹಾಕಿದ ಚಹಾ.

ಮಳೆಗಾಲ ಹತ್ತಿರ ಬಂದಾಗ ಸೌದೆಗೆಂದು ಗುಡ್ಡ ಹತ್ತಿದವನು ಆ ಬಿರುಕನ್ನು ನೋಡಿದೆ. ನಮ್ಮ ಎರಡೂ ಮನೆಗಳ ನೆತ್ತಿಯ ಮೇಲೆ, ಅಡ್ಡಕ್ಕೆ, ಎಮ್ಮೆಯ ಹಗ್ಗ ಬಿಸಾಡಿದ ಹಾಗೆ ಬಿದ್ದಿತ್ತು. ಬೆರಳು ಹೋಗುವಷ್ಟು ಅಗಲ. ನನಗೆ ನಮ್ಮ ಎರೆ ಹೊಲ ನೆನಪಾಯಿತು. ಬೇಸಿಗೆಯ ಬಿರುಕು, ಮಳೆ ಬಂದರೆ ಕೂಡುತ್ತದೆ ಅಂದುಕೊಂಡೆ. ಅಂದುಕೊಂಡು ಸುಮ್ಮನಿರಬೇಕಿತ್ತು ತಾನೇ? ಮರುದಿನ ಖೋಲಿಯ ಕೆಲಸದಲ್ಲಿ ಉಳಿದ ಸಿಮೆಂಟನ್ನು ಬುಟ್ಟಿಯಲ್ಲಿ ಹೊತ್ತು ತಂದು, ಯಾರೂ ಇಲ್ಲದ ಹೊತ್ತು ನೋಡಿ, ಉದ್ದಕ್ಕೂ ತುಂಬಿ ಕರಣೆ ಎಳೆದೆ.

ಅದೇನೂ ಇಲ್ಲ ಎಂದು ನಂಬಿದ್ದರೆ ಮುಚ್ಚುವ ಕೆಲಸವೇನಿತ್ತು? ಈ ಒಂದು ಪ್ರಶ್ನೆಗೆ ನಾನು ಇಷ್ಟು ವರ್ಷಗಳಲ್ಲಿ ಬೇಕಾದಷ್ಟು ಉತ್ತರ ಹುಡುಕಿದ್ದೇನೆ. ನೀರು ಇಳಿಯಬಾರದೆಂದು ಮುಚ್ಚಿದೆ. ಹುಳ ಹುಪ್ಪಡಿ ಸೇರಬಾರದೆಂದು ಮುಚ್ಚಿದೆ. ಸಿಮೆಂಟು ಗಟ್ಟಿಯಾಗಿ ಹಾಳಾಗುವ ಬದಲು ಎಲ್ಲಾದರೂ ಉಪಯೋಗವಾಗಲಿ ಎಂದು ಮುಚ್ಚಿದೆ. ಎಲ್ಲ ಸುಳ್ಳು. ಹೊಸ ಖೋಲಿಗೆ ತಗಡು ಹೊದಿಸಿಯಾಗಿತ್ತು. ಗಂಗವ್ವ ಅದನ್ನು ಸಾರಿಸಿ, ಮೂಲೆಯಲ್ಲಿ ದೇವರ ಫೋಟೋ ಇಟ್ಟುಕೊಂಡಿದ್ದಳು. ಅವಳು ಸೌದೆಗೆ ಹೋದಾಗ ಬಿರುಕು ನೋಡಿದರೆ ಹೆದರುತ್ತಾಳೆ, ಹುಸೇನಬಿಗೆ ಹೇಳುತ್ತಾಳೆ, ಸಾಲಿಗೆಲ್ಲ ಗೊತ್ತಾಗುತ್ತದೆ, ಇಷ್ಟು ಕಡಿದವರು ಯಾರು ಎಂದು ಕೇಳುತ್ತಾರೆ. ಅದಕ್ಕೆ ಮುಚ್ಚಿದೆ.

ಆಮೇಲೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಕಡೆಯವರು ಎಲ್ಲಿದ್ದರೂ ಅಂದು ಮಣ್ಣಿನ ಜೋಡೆತ್ತು ಮಾಡಿ ಪೂಜಿಸಬೇಕು. ಮನೆಯಲ್ಲಿ ಎತ್ತಿಲ್ಲದವರಿಗೆ, ಹೊಲವೇ ಇಲ್ಲದವರಿಗೆ ಇನ್ನೂ ಹೆಚ್ಚು ಬೇಕು. ಗೋವೆಯ ಮಣ್ಣು ಹರಳು ಹರಳು. ಗಂಗವ್ವ ಹದ ಮಾಡಿ ಮಾಡಿ ಸೋತಳು. "ಈ ಮಣ್ಣಿಗೆ ಜೀವಾನ ಇಲ್ಲ ಅಣ್ಣಾ. ಕೊಂಬು ನಿಂದರವಲ್ಲವು" ಅಂದಳು. ನಾನು, "ಹುತ್ತದ್ದು ತಗೊಂಡು ಬಾ. ಜರಡಿ ಹಿಡದಂಗ ಇರತೈತಿ" ಎಂದೆ. ಇದನ್ನು ನಾನೇ ಹೇಳಿದ್ದು. ನೆನಪಿಟ್ಟುಕೊಳ್ಳಿ.

ಸಾಲಿನ ತುದಿಯಲ್ಲಿ, ಗುಡ್ಡದ ಬುಡಕ್ಕೆ ಒಂದು ದೊಡ್ಡ ಹುತ್ತವಿತ್ತು. ನಮ್ಮಲ್ಲಿ ಹುತ್ತ ಎಂದರೆ ನಾಗಪ್ಪ. ಪಂಚಮಿಗೆ ಹಾಲೆರೆಯುತ್ತೇವೆ, ಉಳಿದ ದಿನ ಅದರ ಮಣ್ಣು ತಂದು ಒಲೆ ಹಾಕುತ್ತೇವೆ. ಇಲ್ಲಿಯವರಿಗೆ ಹುತ್ತವೇ ದೇವಿ, ಸಾತೇರಿ. ಭೂಮಿಯೇ ಎದ್ದು ನಿಂತ ರೂಪ. ಜಾಗದ ಒಡೆಯರ ಮನೆಯ ಮುದುಕಿಯೊಬ್ಬಳು ದಿನವೂ ಬಂದು ಅದಕ್ಕೆ ಕೆಂಪು ದಾಸವಾಳ ಇಟ್ಟು ಹೋಗುತ್ತಿದ್ದಳು. ಗಂಗವ್ವ ಕೈಮುಗಿದು, ಹುತ್ತಕ್ಕೆ ಕೈ ಹಚ್ಚದೆ, ಬದಿಗೆ ಉದುರಿ ಬಿದ್ದಿದ್ದ ಮಣ್ಣನ್ನು ಬೊಗಸೆಯಲ್ಲಿ ತಂದಳು. ಎಂಥ ಎತ್ತು ಮಾಡಿದಳು! ಕಣ್ಣಿಗೆ ಗುಲಗಂಜಿ ಸಿಗದೆ ಮೆಣಸಿನ ಕಾಳು ಒತ್ತಿದಳು. ಹುಸೇನಬಿ ಬಾಗಿಲಿಗೆ ಒರಗಿ ನೋಡುತ್ತ, "ಏ ಗಂಗವ್ವಾ, ನಿನ್ನ ಎತ್ತು ನಮ್ಮ ಊರಾಗಿನ ಆಡಿನಂಗ ಕಾಣತಾವ ನೋಡು" ಎಂದು ಕೆಣಕಿದಳು. "ನಿಮ್ಮ ಆಡಿಗೆ ಇಷ್ಟು ದೊಡ್ಡ ಇಣಿ ಎಲ್ಲಿ ಐತ್ರಿ ಅಕ್ಕಾ" ಎಂದು ಇವಳು ಎತ್ತಿನ ಭುಜದ ಡುಬ್ಬ ತಟ್ಟಿ ತೋರಿಸಿದಳು. ಇಬ್ಬರೂ ಬಹಳ ಹೊತ್ತು ನಕ್ಕರು. ಆ ನಗು ಕೇಳಿ, "ಮಳಿ ಬರತೈತಿ, ಒಳಗ ನಡೀರಿ" ಎಂದು ನಾನು ಗದರಿದ್ದೆ.

ಮಳೆ ಬಂತು. ಬಂದದ್ದು ಹೋಗಲಿಲ್ಲ. ಕೆಲಸಗಳೆಲ್ಲ ನಿಂತವು. ಒಂದು ಬೆಳಿಗ್ಗೆ ಸ್ವಲ್ಪ ಹೊಳವಾದಂತೆ ಕಂಡಿತು. ಗಂಗವ್ವ ನೀರಿಗೆಂದು ನಳದ ಹತ್ತಿರ ಹೋಗಿದ್ದಳು. ನನ್ನ ಹೆಂಡತಿ ಅಂಗಡಿಗೆ, ಮೆಹಬೂಬಸಾಬ ಟೆಂಪೋ ಒರೆಸಲು ರಸ್ತೆಗೆ. ನಾನು ಬಾಗಿಲಲ್ಲಿ ಬೀಡಿ ಹಚ್ಚುತ್ತಿದ್ದೆ. ಗುಡ್ಡ ಕುಸಿದರೆ ಸಿಡಿಲಿನಂತೆ ಸದ್ದಾಗುತ್ತದೆ ಎಂದು ನೀವು ತಿಳಿದಿರಬಹುದು. ಹಾಗೇನೂ ಇಲ್ಲ. ಯಾರೋ ಹಗೇವಿನಿಂದ ತೆಗೆದ ಜೋಳವನ್ನು ತಾಡಪತ್ರಿಯ ಮೇಲೆ ಸುರಿದ ಹಾಗೆ ಸದ್ದಾಯಿತು, ಅಷ್ಟೇ. ತಿರುಗಿ ನೋಡಿದರೆ ಹೊಸ ಖೋಲಿ ಇರಲಿಲ್ಲ. ಅದರ ಪಕ್ಕ ಹುಸೇನಬಿಯ ಅಡಿಗೆಮನೆ ಇರಲಿಲ್ಲ. ಅಲ್ಲಿ ಗುಡ್ಡವಿತ್ತು. ಮತ್ತು ಒಂದು ವಾಸನೆ. ಮೊದಲ ಮಳೆಯ ಮಣ್ಣಿನ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ. ನೆಲದ ಹೊಟ್ಟೆಯೊಳಗಿನ, ಎಂದೂ ಬಿಸಿಲು ಕಾಣದ ಮಣ್ಣಿನ ವಾಸನೆ ಬೇರೆ. ತಣ್ಣಗಿರುತ್ತದೆ. ತುಕ್ಕು ಹಿಡಿದ ಕಬ್ಬಿಣದ ಹಾಗೆ ನಾಲಿಗೆಗೆ ತಾಕುತ್ತದೆ. ನಾವೆಲ್ಲ ಸೇರಿ ಅಗೆದು ಹುಸೇನಬಿಯನ್ನು ಹೊರಗೆ ತೆಗೆಯುವ ಹೊತ್ತಿಗೆ ಅವಳ ಮೈಯಿಂದಲೂ ಅದೇ ವಾಸನೆ ಬರುತ್ತಿತ್ತು.

ಆಮೇಲೆ ಶುರುವಾದದ್ದು ಕಾರಣಗಳ ಸುಗ್ಗಿ. ಸಾವಿನ ಮನೆಗೆ ಜನ ಬರಿಗೈಯಲ್ಲಿ ಬರುವುದಿಲ್ಲ, ಒಂದೊಂದು ಕಾರಣ ಹಿಡಿದುಕೊಂಡು ಬರುತ್ತಾರೆ. ಚಹಾದಂಗಡಿಯಲ್ಲಿ ಒಬ್ಬ, ಹೊಳೆಗೆ ಸೇತುವೆ ಕಟ್ಟಿದರೆ ಅದು ಒಂದು ತಲೆ ಬಲಿ ಕೇಳುತ್ತದೆ ಎಂದ. ಹೊಳೆಗೂ ಗುಡ್ಡಕ್ಕೂ ಏನು ಸಂಬಂಧ ಎಂದರೆ, "ನೀರಿನ ಕಾಲು ಎಲ್ಲೆಲ್ಲಿ ಇರತಾವ ನಿಮಗೇನು ಗೊತ್ತು?" ಎಂದು ನನ್ನನ್ನೇ ಕೇಳಿದ. ಮೊಬೈಲ್ ಟವರಿನಿಂದ ಮೋಡ ಬಿಸಿಯಾಗಿ ಮಳೆ ಹೆಚ್ಚಾಗಿದೆ ಎಂದು ಒಬ್ಬ ವಿವರಿಸಿದ, ತನ್ನ ಮೊಬೈಲಿನಲ್ಲೇ ಅದನ್ನು ತೋರಿಸಿದ. ಕಡಲದಂಡೆಯಲ್ಲಿ ಹೊರಗಿನವರು ಬಟ್ಟೆ ಹಾಕದೆ ಕುಣಿಯುವುದಕ್ಕೆ ದೇವರು ಸಿಟ್ಟಾಗಿದ್ದಾನೆ ಎಂದ ಮತ್ತೊಬ್ಬ. ಕುಣಿದವರು ಅಲ್ಲಿ, ದೇವರು ಇಲ್ಲಿ ತಗಡಿನ ಮನೆಯ ಮೇಲೆ ಬಿದ್ದನೇ ಎಂದು ಯಾರೂ ಕೇಳಲಿಲ್ಲ. ನಾನು ಎಲ್ಲರ ಮಾತನ್ನೂ ಗೋಣು ಹಾಕಿ ಕೇಳಿದೆ. ಯಾವ ಕಾರಣವಾದರೂ ಆಗಬಹುದಿತ್ತು. ಅದರಲ್ಲಿ ನನ್ನ ಹೆಸರು ಇರಬಾರದು, ಅಷ್ಟೇ.

ಮೆಹಬೂಬಸಾಬ ಮಣ್ಣು ಮಾಡಿ ಬಂದ ದಿನ ನನ್ನ ಪಕ್ಕದಲ್ಲೇ ಕೂತಿದ್ದ. ಅವನ ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಮಣ್ಣಿತ್ತು. "ಆಕಿದು ಅಷ್ಟೇ ಬರದಿತ್ತಣ್ಣಾ. ಮ್ಯಾಲಿನ ಮಾಲಿಕನ ಮರ್ಜಿ. ನೀವು ಕೈಲೆ ಅಗದು ತಗದೀರಿ, ಅದನ್ನ ನಾ ಮರಿಯಂಗಿಲ್ಲ" ಅಂದ. ಅವನು ಆ ಮಾತನ್ನು ತಾನು ಬದುಕಿ ಉಳಿಯಲು ಹೇಳಿಕೊಂಡಿದ್ದ. ನಾನು ಅದನ್ನು ನನ್ನ ಬಿಡುಗಡೆಯ ಕಾಗದದಂತೆ ಮಡಚಿ ಎದೆಯಲ್ಲಿಟ್ಟುಕೊಂಡೆ. ದುಃಖದಲ್ಲಿದ್ದವನ ದೇವರನ್ನೂ ನಾನು ಕದ್ದೆ.

ಮರುದಿನ ಸರಕಾರದ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದಳು. ಚಿಕ್ಕ ವಯಸ್ಸು, ಕಾಲಿಗೆ ದೊಡ್ಡ ಬೂಟು. ಗುಡ್ಡ ಹತ್ತಿ ಇಳಿದು ಹಿಂದಿಯಲ್ಲಿ ನಮಗೆಲ್ಲ ತಿಳಿಸಿ ಹೇಳಿದಳು. ಗುಡ್ಡ ತನ್ನ ಬುಡದ ಮೇಲೆ ನಿಂತಿರುತ್ತದೆ. ಬುಡ ಕಡಿದರೆ ಮೇಲಿನ ಭಾರಕ್ಕೆ ಆಸರೆ ತಪ್ಪುತ್ತದೆ. ಆಗ ನೆತ್ತಿಯಲ್ಲಿ ಬಿರುಕು ಬಿಡುತ್ತದೆ. ಅದು ಗುಡ್ಡ ಹೊರಟಿದೆ ಎನ್ನುವ ಸೂಚನೆ. ಅಲ್ಲಿ ನೀರು ಇಳಿದರೆ ಒಳಗಿನ ಜೇಡಿ ಜಾರುತ್ತದೆ. ಬಿರುಕು ಕಂಡ ದಿನವೇ ಮನೆ ಬಿಟ್ಟಿದ್ದರೆ ಯಾರೂ ಸಾಯುತ್ತಿರಲಿಲ್ಲ. ಇಷ್ಟು ಹೇಳಿ ಅವಳು ರಾಶಿಯಿಂದ ಏನೋ ಎತ್ತಿಕೊಂಡಳು. ನನ್ನ ಸಿಮೆಂಟಿನ ತುಂಡು. ಒಂದು ಮಗ್ಗುಲು ನುಣ್ಣಗೆ, ಇನ್ನೊಂದು ಮಗ್ಗುಲಿಗೆ ಕೆಂಪು ಮಣ್ಣು ಕಚ್ಚಿಕೊಂಡಿತ್ತು. "ಮೇಲೆ ಯಾರಾದರೂ ಏನಾದರೂ ಕಟ್ಟಿದ್ದರೇ?" ಎಂದು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. "ಬುಡ ಕಡಿದವರು ಯಾರು?" ಎಂದಳು. ಎಲ್ಲರಿಗೂ ಗೊತ್ತಿತ್ತು. ಆದರೆ ಎಲ್ಲರ ಹಿತ್ತಲಲ್ಲೂ ಕಡಿದ ಗುರುತಿತ್ತು, ಯಾರು ಬಾಯಿ ಬಿಡುತ್ತಾರೆ? ಅವಳು ತುಂಡನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು. ಅವಳು ಹೋದ ಮೇಲೆ ನಾನದನ್ನು ಎತ್ತಿ ಗಟಾರಿಗೆ ಎಸೆದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿದ್ದವನು ಮಾತ್ರ ಆಗುತ್ತಿದ್ದೆ. ನಮ್ಮ ಸಾಲಿನಲ್ಲಿ ಬಸವ್ವ ಎನ್ನುವ ಹಿರಿಯಳಿದ್ದಳು. ಮಂಗಳವಾರ, ಶುಕ್ರವಾರ ಅವಳ ಮೈಮೇಲೆ ದೇವಿ ಬರುತ್ತಿದ್ದಳು. ಆ ಶುಕ್ರವಾರ ಸಾಲಿನವರೆಲ್ಲ ಹೇಳಿಕೆ ಕೇಳಲು ಕೂಡಿದರು. ಹೊಗೆ ಎದ್ದಂತೆ ಭಂಡಾರದ ಹಳದಿ ಪುಡಿ ಹಾರಿತು. ಬಸವ್ವ ತೂಗಾಡುತ್ತ, "ಮಣ್ಣ ಕಡದೀರಿ! ನನ್ನ ಮೈ ಕಡದೀರಿ! ಯಾರಂವ?" ಎಂದು ಕೂಗಿದಳು. ಬೂಟಿನ ಹುಡುಗಿ ಕೇಳಿದ್ದೂ ಇದನ್ನೇ, ದೇವಿ ಕೇಳಿದ್ದೂ ಇದನ್ನೇ. ಕಲಿತವಳಿಗೂ ಗೊತ್ತಾಗಿದೆ, ದೇವಿಗೂ ಗೊತ್ತಾಗಿದೆ, ಈಗ ಹೆಸರು ಬರುತ್ತದೆ ಎಂದು ಕಣ್ಣು ಮುಚ್ಚಿದೆ.

ಆಗ ಹಿಂದಿನಿಂದ ಒಂದು ಹೆಂಗಸಿನ ದನಿ. "ಅಮಾಸಿಗೆ ಗಂಗವ್ವ ಹುತ್ತದ ಮಣ್ಣ ತಂದಿದ್ದಳಲ್ಲ!"

ಎಲ್ಲ ತಲೆಗಳೂ ಹೊರಳಿದವು. ನನ್ನ ಎದೆಯೊಳಗೆ ಏನೋ ಸಡಿಲವಾಯಿತು. ನಾಚಿಕೆಯಿಂದ ಹೇಳುತ್ತೇನೆ, ಅದು ಸಮಾಧಾನ. ಅಷ್ಟರಲ್ಲಿ ಯಾರೋ ನನ್ನನ್ನೇ ಕೇಳಿದರು: "ಏನಪಾ, ಹಿರ್‍ಯಾ ನೀನು, ತಡೀಲಿಲ್ಲೇನು?"

"ನಾ ಬ್ಯಾಡ ಅಂದಿದ್ದೆರಿ. ಕೇಳಲಿಲ್ಲ" ಎಂದೆ.

ಗಂಗವ್ವ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಚಿಕ್ಕಂದಿನಲ್ಲಿ ಬಿರುಕಿಗೆ ಹರಳು ಬಿಟ್ಟು ಕಿವಿಗೊಟ್ಟಾಗ ಹೇಗೆ ನೋಡುತ್ತಿದ್ದಳೋ ಹಾಗೆ, ಕೆಳಗಿನಿಂದ ಸದ್ದು ಬರುವುದನ್ನು ಕಾಯುವವಳ ಹಾಗೆ. ಸದ್ದು ಬರಲಿಲ್ಲ. "ಹೌದ್ರಿ, ನಾನೇ ತಂದೀನಿ" ಎಂದಳು.

ಮರುದಿನ ಅವಳು ಒಬ್ಬಳೇ ಆ ಹುತ್ತದ ಮುಂದೆ ಕೂತಿದ್ದಳು. ಹೂವಿಡಲು ಬಂದ ಕೊಂಕಣಿ ಮುದುಕಿಗೆ ಹರಕು ಹಿಂದಿಯಲ್ಲಿ ತಪ್ಪೊಪ್ಪಿಕೊಂಡಳಂತೆ. ಮುದುಕಿ ಬಯ್ಯಲಿಲ್ಲ. "ಆವಯ್ ಗೋ ತಿ, ಆವಯ್" ಎಂದು, ಅವಳು ತಾಯಿ ಕಣೇ, ತಾಯಿ ಎಂದು, ಇವಳ ತಲೆ ಸವರಿ ಹೋದಳು. ಬೈದವರು ನಮ್ಮವರು. ನಳದ ಹತ್ತಿರ ಇವಳ ಕೊಡ ಕಂಡರೆ ಮುಂದಿದ್ದವರು ತಮ್ಮದನ್ನು ಎತ್ತಿಕೊಳ್ಳುತ್ತಿದ್ದರು. ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಮೆಹಬೂಬಸಾಬನೂ ತಲೆ ತಗ್ಗಿಸಿ ದಾಟಿ ಹೋಗತೊಡಗಿದ. ಅವನ ಮಾಲಿಕನ ಮರ್ಜಿಗೆ ಈಗ ಒಂದು ಕೈ ಸಿಕ್ಕಿತ್ತು, ನನ್ನ ತಂಗಿಯ ಕೈ. ಆ ಮಳೆಗಾಲ ಮುಗಿಯುವ ಮೊದಲೇ ಅವಳು ಗಂಟು ಕಟ್ಟಿದಳು. ಸಾವರ್ಡೆಯಲ್ಲಿ ಲಾರಿಯವರಿಗೆ ಊಟ ಹಾಕುವ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಸಿಕ್ಕಿದೆ ಎಂದಳು. ಬಸ್ಸಿಗೆ ಕೂಡಿಸಿ ಬಂದೆ. ಕಿಟಕಿಯಿಂದ, "ವೈನಿಗೆ ಹೇಳು, ಒಲಿ ಬಿರತೈತಿ, ಸಾರಸ್ಕೋತ ಇರಲಿ" ಎಂದಳು.

ಆಮೇಲೆ ವರ್ಷ ವರ್ಷವೂ ಎಲ್ಲಾದರೂ ಗುಡ್ಡ ಕುಸಿಯುತ್ತದೆ. ಟೀವಿಯಲ್ಲಿ ತೋರಿಸುತ್ತಾರೆ. ಜಗತ್ತೇ ಬಿಸಿಯಾಗಿದೆ, ಅದಕ್ಕೇ ಇಂಥ ಮಳೆ ಎಂದು ತಿಳಿದವರು ಹೇಳುವುದನ್ನು ಕೇಳಿದ ದಿನ ನನಗೆ ಹಬ್ಬವಾಯಿತು. ಅವರು ಹೇಳುವುದು ಸುಳ್ಳಲ್ಲ. ಆದರೆ ನನಗೆ ಬೇಕಾದದ್ದು ಖರೆಯಲ್ಲ, ಮರೆ. ಇಡೀ ಜಗತ್ತು ಸೇರಿ ಮಾಡಿದ ತಪ್ಪಿನಲ್ಲಿ ಒಬ್ಬ ಗೌಂಡಿಯ ಗುದ್ದಲಿಯ ಪಾಲು ಎಷ್ಟಿದ್ದೀತು? ದೇವರು, ದೆವ್ವ, ಹೊಗೆ, ಬಿಸಿ ಎಲ್ಲದರ ಹಿಂದೆಯೂ ಅಡಗಲು ಜಾಗವಿದೆ. ನಾನು ಎಲ್ಲ ಕಡೆಯೂ ಅಡಗಿ ನೋಡಿದ್ದೇನೆ.

ಗೇರು ಮರದ ಕೆಳಗೆ ಆ ಗೆರೆ ಕಂಡ ಮೇಲೆ ಅಡಗಲು ಜಾಗ ಸಾಲದಾಯಿತು. ಮೊನ್ನೆ ರವಿವಾರ ಸಾವರ್ಡೆಗೆ ಹೋದೆ. ಗಂಗವ್ವ ಖಾನಾವಳಿಯ ಹಿಂದುಗಡೆ ರೊಟ್ಟಿ ಬಡಿಯುತ್ತಿದ್ದಳು. ಗ್ಯಾಸಿನ ಒಲೆ. ಕೂದಲು ಬೆಳ್ಳಗಾಗಿದೆ. ಗೋಡೆಯ ಗೂಡಿನಲ್ಲಿ ಗೋದಿ ಹಿಟ್ಟಿನ ಜೋಡೆತ್ತು ಒಣಗಿ ಕಲ್ಲಾಗಿದ್ದವು, ಹೋದ ವರ್ಷದವು. ಅಮಾವಾಸ್ಯೆಗೆ ಈಗ ಹಿಟ್ಟಿನಲ್ಲಿ ಮಾಡುತ್ತಾಳಂತೆ. ಕಣ್ಣಿಗೆ ಮೆಣಸಿನ ಕಾಳು.

"ಯಾಕಣ್ಣಾ, ಮಾರಿ ಹಿಂಗ್ಯಾಕ ಆಗೈತಿ? ಕುಂದ್ರು, ಬಿಸಿ ರೊಟ್ಟಿ ತಿನ್ನು" ಎಂದು ತಟ್ಟೆ ಮುಂದಿಟ್ಟಳು.

ನಾನು ಕೂತು ಹೇಳಿದೆ. ಬುಡ ಕಡಿದದ್ದು ಅವಳಿಗೆ ಗೊತ್ತಿತ್ತು. ಹುತ್ತದ ಮಣ್ಣು ತಾ ಎಂದವನು ನಾನೇ ಎಂದೂ ಗೊತ್ತಿತ್ತು. ಬಿರುಕು ಗೊತ್ತಿರಲಿಲ್ಲ. ಸಿಮೆಂಟು ಗೊತ್ತಿರಲಿಲ್ಲ. ಬೂಟಿನ ಹುಡುಗಿ ಬಂದಾಗ ಅವಳು ಹುಸೇನಬಿಯ ಅರಿವೆಗಳನ್ನು ಮಣ್ಣಿನಿಂದ ಹೆಕ್ಕಿ ತೊಳೆಯುತ್ತಿದ್ದಳು. ನಾನು ಹೇಳುತ್ತ ಹೋದಂತೆ ಬಡಿಯುವ ಸದ್ದು ನಿಧಾನವಾಗಿ ನಿಂತಿತು.

"ಅಂದ್ರ ಅದು ಹುತ್ತದಿಂದ ಅಲ್ಲ?"

"ಅಲ್ಲವಾ."

"ನಾ ಇಷ್ಟು ವರ್ಷ ಮಣ್ಣ ಮುಟ್ಟಿಲ್ಲಣ್ಣಾ." ತನ್ನ ಹಿಟ್ಟಿನ ಕೈಗಳನ್ನು ನೋಡಿಕೊಂಡಳು. "ಒಂದು ತುಳಸಿ ಗಿಡ ಹಚ್ಚಿಲ್ಲ. ಭೂಮಿತಾಯಿಗೆ ನೋವಾಗತೈತಿ ಅಂತ ಕಾಲಾಗ ಚಪ್ಲಿ ಹಾಕಿಲ್ಲ."

ನಾನು ಅಳತೊಡಗಿದೆ. ಮುದುಕ ಗಂಡಸು ಅತ್ತರೆ ತಂಗಿಯಾದವಳು ಕರಗುತ್ತಾಳೆ ಎಂದು ಎಲ್ಲೋ ಒಳಗೆ ಲೆಕ್ಕವಿತ್ತೇನೋ. ಅವಳು ಕರಗಲಿಲ್ಲ.

"ಮೆಹಬೂಬಣ್ಣಗ ಹೇಳೀದಿ?"

"ಇಲ್ಲ."

"ಮತ್ತ ನನ್ನ ಮುಂದ ಯಾಕ ಅಳತೀ? ಸತ್ತಾಕಿ ನಾನಲ್ಲ." ಗ್ಯಾಸು ಆರಿಸಿ ಕೇಳಿದಳು, "ಈಗ ಎಲ್ಲೋ ಇಂಥದ್ದೇ ನೋಡೀನಿ ಅಂದೆಲಾ, ಅಲ್ಲಿ ಮಂದಿ ಅದಾರೇನು?"

"ಅದಾರ."

"ಅವರಿಗೆ ಹೇಳೀದಿ?"

"ಮೊದಲ ನಿನ್ನ ಕಡೆ..."

ಅವಳು ತಟ್ಟೆಯನ್ನು ನನ್ನ ಮುಂದಿನಿಂದ ಎಳೆದುಕೊಂಡಳು. ಇಷ್ಟು ವರ್ಷಗಳಲ್ಲಿ ನನ್ನ ತಂಗಿ ನನ್ನನ್ನು ಉಪವಾಸ ಕಳಿಸಿದ್ದು ಅದೊಂದೇ ಸಲ. "ಏಳು. ಮಳಿ ಬರೂದರಾಗ ಹೋಗು" ಎಂದಳು.

ಸೋಮವಾರ ಬೆಳಿಗ್ಗೆ ಗೋಡೆಯ ಕೆಲಸಕ್ಕೆ ನಿಲ್ಲದೆ ಹಾರೆ ಹಿಡಿದು ಗುಡ್ಡ ಹತ್ತಿದೆ. ಸಿಮೆಂಟಿನ ಮೇಲೆ ಹಾರೆ ಬಿದ್ದ ಸದ್ದಿಗೆ ಕೆಳಗಿನ ಮನೆಯಿಂದ ಒಬ್ಬ ತರುಣ ಬನಿಯನ್ನಿನಲ್ಲೇ ಓಡಿ ಬಂದ. ನಮ್ಮವನೇ, ಗೌಂಡಿಯೇ. ಹೆಬ್ಬೆರಳಿನ ತುದಿ ಸಿಮೆಂಟಿಗೆ ಸುಟ್ಟು ಬಿಳಿಚಿಕೊಂಡಿತ್ತು.

"ಏ ಕಾಕಾ, ಯಾಕ ಒಡ್ಯಾಕತ್ತೀರಿ ಅದನ್ನ? ನಾ ಹಚ್ಚೀನ್ರಿ ಅದು. ಚಲೋ ಆಗಿಲ್ಲೇನು?"

"ಭಾಳ ಚಲೋ ಆಗೈತಿ."

"ಮತ್ತ? ಬ್ಯಾಸಿಗಿ ಬಿರುಕ ಐತ್ರಿ, ಮಳಿ ಆದ್ರ ಕೂಡತೈತಿ. ಸುಮ್ಮ ಹೆಣ್ಮಕ್ಕಳು ಹೆದರತಾರ ಅಂತ..."

ನಾನು ಹಾರೆ ಊರಿಕೊಂಡು ನಿಂತೆ.

"ನಾನೂ ಹಿಂಗ ಹಚ್ಚಿದ್ದೆ ತಮ್ಮಾ. ಹೆದರತಾರ ಅಂತಾನ ಹಚ್ಚಿದ್ದೆ. ಬುಡ ಕಡದಾಂವನೂ ನಾನ. ಗುಡ್ಡ ಬಂದು ಬಾಜೂ ಮನಿ ಹೆಣ್ಮಗಳ ಮ್ಯಾಲ ಬಿತ್ತು. ಹುಸೇನಬಿ ಅಂತ ಆಕಿ ಹೆಸರು. ನನ್ನ ತಂಗಿ ಮ್ಯಾಲ ಹಾಕಿ ನಾ ಪಾರಾದೆ. ಸತ್ತಾಕಿ ಗಂಡಗ ಇನ್ನೂ ಹೇಳಿಲ್ಲ. ಇಲ್ಲಿಂದ ಅಲ್ಲಿಗೇ ಹೊಂಟೀನಿ."

ಇಷ್ಟೇ ಮಾತು. ಹೇಳಲು ಎಷ್ಟು ಕಡಿಮೆ ಹೊತ್ತು ಸಾಕಾಯಿತು ಎಂದು ನನಗೇ ಹೇಸಿಗೆಯಾಯಿತು.

ತರುಣ ನನ್ನನ್ನು ಹುಚ್ಚನೋ ಏನೋ ಎನ್ನುವಂತೆ ನೋಡಿದ. ಆಮೇಲೆ ನಾನು ಒಡೆದ ಜಾಗಕ್ಕೆ ಬಗ್ಗಿದ. ಅವನ ಸಿಮೆಂಟಿನ ಕೆಳಗೆ ಬಿರುಕು ಅವನು ಮುಚ್ಚಿದ್ದಕ್ಕಿಂತ ಅಗಲವಾಗಿತ್ತು. ನಮ್ಮ ಕಡೆ ಹುಟ್ಟಿದ ಮಕ್ಕಳಿಗೆಲ್ಲ ಗೊತ್ತಿರುವ ಆಟ, ಯಾರೂ ಹೇಳಿಕೊಡಬೇಕಿಲ್ಲ. ಅವನು ಒಂದು ಹರಳು ಹೆಕ್ಕಿ ಒಳಗೆ ಬಿಟ್ಟ. ಇಬ್ಬರೂ ಬಗ್ಗಿ ಕಿವಿಗೊಟ್ಟೆವು.

ಕೆಳಗಿನಿಂದ ಏನೂ ಕೇಳಿಸಲಿಲ್ಲ. ಇನ್ನೊಂದು ಬಿಟ್ಟ. ಅದೂ ಇಲ್ಲ.

ಅವನು ಎದ್ದು ನಿಂತು, ಕೆಳಗೆ ಅಂಗಳದಲ್ಲಿದ್ದ ಹೆಂಡತಿಗೆ ಕೂಗಿ ಹೇಳಿದ: "ಏ, ಆ ಕೌದಿ ತಗಿ. ತೊಟ್ಟಿಲಾಗಿನ ಪಾರಿನ್ನ ಎತ್ಕೋ. ಬಾಜೂದವರನ್ನೂ ಕರಿ."